ಅಂಚೆಯವನೂ ಹದಿನೆಂಟು ಕೋಟುಗಳೂ

ಜೂನ್ ೨, ಸೋಮವಾರ

ಇವರು ಮೊನ್ನೆ ನಿವೃತ್ತರಾದರು. ಕಾರ್ಖಾನೆಯವರು ಭಾಷಣ ಮಾಡಿ, ಒಂದು ಗೋಡೆ ಗಡಿಯಾರವನ್ನೂ ಈ ಡೈರಿಯನ್ನೂ ಕೊಟ್ಟು ಮನೆಗೆ ಸಾಗಹಾಕಿದರು. ಗಡಿಯಾರವನ್ನು ಇವರು ಇಟ್ಟುಕೊಂಡರು. "ಬರೆಯೋಕೆ ನನ್ನ ಹತ್ರ ಏನಿದೆ" ಎಂದು ಡೈರಿಯನ್ನು ನನ್ನ ಕಡೆ ತಳ್ಳಿದರು. ನನ್ನ ಹತ್ತಿರ ಇದೆ. ಒಳಗೇ ಇಟ್ಟುಕೊಂಡರೆ ಹೊಟ್ಟೆ ಹುಣ್ಣಾಗುವಷ್ಟಿದೆ.

ಇವರು ಇಡೀ ಆಯಸ್ಸು ಸ್ಟೋರ್ಸ್ ಅಧಿಕಾರಿಯಾಗಿದ್ದವರು. ನಟ್ಟು, ಬೋಲ್ಟು, ಬೇರಿಂಗು ಕಾಯುವುದು ಕೆಲಸ. ಕೊಡುವುದಲ್ಲ, ಕಾಯುವುದು. ಒಂದು ವಾಷರ್ ಕೇಳಿಕೊಂಡು ಬಂದವನನ್ನು ಬರಿಗೈಲಿ ವಾಪಸು ಕಳಿಸಿದ ದಿನ ಮನೆಗೆ ಬಂದು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದರು. ಈಗ ಕಾಯಲು ನಾನೊಬ್ಬಳೇ ಉಳಿದಿದ್ದೇನೆ. ಇವತ್ತು ಬೆಳಿಗ್ಗೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರು. ಉಪ್ಪು ಎಲ್ಲಿದೆ ಎಂದು ಈಗ ಉಪ್ಪಿಗೂ ಗೊತ್ತಿಲ್ಲ. ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ, ಹಾಗಾಯಿತು.

ಅದನ್ನಾದರೂ ಸಹಿಸಿಯೇನು. ಸಂಜೆ ಚಹಾ ಕುಡಿಯುತ್ತಾ ಇನ್ನೊಂದು ಮಾತು ಆಡಿದರು.

"ಈ ಬ್ಯಾಂಡಿನವರ ಕೋಟು ಮುಗಿದ ಮೇಲೆ ಮೆಷಿನ್ ಮುಚ್ಚಿಡು. ನಾನು ಮನೇಲಿ ಕೂತಿರೋವಾಗ ನೀನು ಊರವರ ಬಟ್ಟೆ ಹೊಲೀತಾ ಇದ್ರೆ ನೋಡಿದವರು ಏನಂತಾರೆ?"

"ಚೆನ್ನಾಗಿ ಹೊಲೀತಾಳೆ ಅಂತಾರೆ."

"ತಮಾಷೆ ಅಲ್ಲ ಕಣೇ."

ತಮಾಷೆ ಯಾರಿಗಿದೆ? ಬೀದಿ ಕಡೆಯ ಆ ಕೋಣೆ, ಆ ಮೆಷಿನ್ನು, ಗೋಡೆಗೆ ಒರಗಿದ ಆ ಕನ್ನಡಿ, ಇಷ್ಟು ನನ್ನದು. ಮಗಳು ಹುಟ್ಟುವುದಕ್ಕೆ ಮುಂಚಿನಿಂದ ಅದರಲ್ಲಿ ಕೂತಿದ್ದೇನೆ. ಮುಚ್ಚುವುದಿಲ್ಲ. ಅವರಿಗೆ ಹೇಳಲಿಲ್ಲ. ಇಲ್ಲಿ ಬರೆದಿಟ್ಟಿದ್ದೇನೆ.

ಜೂನ್ ೫, ಗುರುವಾರ

ಬಟ್ಟೆ ಕತ್ತರಿಸುವಾಗ ಎದುರು ಸ್ಟೂಲು ಹಾಕಿಕೊಂಡು ಕೂತು, ಚೂರು ಎಷ್ಟು ಬೀಳುತ್ತದೆ ಎಂದು ನೋಡುತ್ತಾರೆ. ಕತ್ತರಿ ಜಾರಿ ಒಂದು ಜೇಬು ಹಾಳಾಯಿತು. ಮಗಳಿಗೆ ಫೋನು ಮಾಡಿ ಅತ್ತುಕೊಂಡೆ. ಅವಳು ಪಕ್ಕದ ಊರಿನ ಆಸ್ಪತ್ರೆಯಲ್ಲಿ ನರ್ಸು; ಹಟದ ರೋಗಿಗಳನ್ನು ಸುಮ್ಮನಿರಿಸುವುದರಲ್ಲಿ ಪಳಗಿದವಳು.

"ಅಮ್ಮ, ಅಪ್ಪನ್ನ ನನ್ನ ಹಳೇ ಕಂಪ್ಯೂಟರ್ ಮುಂದೆ ಕೂರಿಸು. ಅದ್ರಲ್ಲೊಂದು ಆಟ ಇದೆ. ಹೊಡೆದಾಟ ಇಲ್ಲ, ಅವಸರ ಇಲ್ಲ. ಚಿತ್ರದಲ್ಲಿ ಕಂಡದ್ದರ ಮೇಲೆ ಒತ್ತೋದು, ಸಿಕ್ಕಿದ್ದನ್ನ ಚೀಲಕ್ಕೆ ಹಾಕ್ಕೊಳ್ಳೋದು, ಎಲ್ಲಿ ಬೇಕೋ ಅಲ್ಲಿ ಬಳಸೋದು. ತುಂಬಾ ನಗು ಬರುತ್ತೆ."

"ನಿಮ್ಮಪ್ಪಂಗೆ ನಗುನಾ?"

"ನಿಂಗೆ ಬರುತ್ತಮ್ಮ, ಅಪ್ಪ ಆಡೋದು ನೋಡಿ."

ಕೂರಿಸಿದೆ. ಆಟದಲ್ಲಿ ದೊಡ್ಡ ಮೀಸೆಯ ಒಬ್ಬ ಅಂಚೆಯವನು. ಗುಡ್ಡದ ಮೇಲಿನ ಕೋಟೆಯೊಡೆಯನಿಗೆ ಒಂದು ಪಾರ್ಸೆಲ್ ತಲುಪಿಸಬೇಕು. ಅಷ್ಟೇ ಕಥೆ. ಐವತ್ತು ದಾಟಿದ ಗಂಡಸರು ಆಡುವಂಥದ್ದೇನೂ ಅಲ್ಲ. ಆದರೂ ಇವರು "ಸರ್ಕಾರಿ ಮನುಷ್ಯ, ಪಾಪ" ಎಂದು ಅಂಚೆಯವನನ್ನು ಕೂಡಲೇ ಒಪ್ಪಿಕೊಂಡರು. ನಾನು ಮಧ್ಯಾಹ್ನದೊಳಗೆ ನಾಲ್ಕು ಕೋಟಿನ ಬೆನ್ನು ಕತ್ತರಿಸಿದೆ. ಮಗಳು ನೂರು ವರ್ಷ ಬಾಳಲಿ.

ಜೂನ್ ೮, ಭಾನುವಾರ

ಈ ಮನುಷ್ಯನ ಹಣೆಬರಹವೇ ಇಷ್ಟು. ಅಂಚೆಯವನ ಚೀಲ ತುಂಬಿ ತುಳುಕುತ್ತಿದೆ: ಮುರಿದ ಕೊಡೆ, ಒಂಟಿ ಬೂಟು, ಅಂಟಿನ ಡಬ್ಬಿ, ಮೇಕೆಯ ಗಂಟೆ, ಒಣ ಬನ್ನು. ಕಂಡದ್ದನ್ನೆಲ್ಲ ಎತ್ತಿಕೊಂಡಿದ್ದಾರೆ. ಒಂದನ್ನೂ ಬಳಸಿಲ್ಲ. ಕೋಟೆಯ ಬಾಗಿಲಲ್ಲಿ ಒಂದು ಬಾತುಕೋಳಿ ಕಾವಲಿದೆ, ತಲೆಗೆ ಲೋಹದ ಟೊಪ್ಪಿ ಹಾಕಿಕೊಂಡು. "ಹಸಿವು, ಹಸಿವು" ಎಂದು ಮೂರು ದಿನದಿಂದ ಬಾಯಿ ಬಡಿದುಕೊಳ್ಳುತ್ತಿದೆ.

"ರೀ, ಆ ಬನ್ನು ಕೊಟ್ಟು ಸಾಯ್ರೀ ಅದಕ್ಕೆ!"

"ಕೊಟ್ರೆ ಹೋಯ್ತಲ್ಲ. ಮುಂದೆ ಬೇಕಾದ್ರೆ?"

"ಆಟದ ಬನ್ನು ರೀ ಅದು!"

"ಸ್ಟಾಕ್ ಅಂದ್ಮೇಲೆ ಸ್ಟಾಕೇ."

ಇಸ್ತ್ರಿ ಪೆಟ್ಟಿಗೆ ಒಂದು ಕೈಯಲ್ಲಿ ಹಿಡಿದೇ ಬಗ್ಗಿ, ಇನ್ನೊಂದು ಕೈಯಲ್ಲಿ ಬನ್ನಿನ ಮೇಲೊಮ್ಮೆ, ಬಾತುಕೋಳಿಯ ಮೇಲೊಮ್ಮೆ ಒತ್ತಿದೆ. ಬಾತುಕೋಳಿ ತಿಂದು ತೇಗಿ, "ಮೊದಲೇ ಕೊಟ್ಟಿದ್ದರೆ ನಿನ್ನ ಮೀಸೆಯನ್ನು ಹೊಗಳುತ್ತಿದ್ದೆ" ಎಂದು ಬಾಗಿಲು ತೆರೆಯಿತು. ನನಗೆ ನಗು ತಡೆಯಲಾಗಲಿಲ್ಲ. ಇವರು ಊಟ ಮುಗಿಯುವ ತನಕ ಮುಖ ಊದಿಸಿಕೊಂಡಿದ್ದರು. ಕೇಳದೆ ಕೊಟ್ಟೆನಂತೆ.

ಜೂನ್ ೧೩, ಶುಕ್ರವಾರ

ಬ್ಯಾಂಡ್ ಮಾಸ್ಟರ್ ಬಂದಿದ್ದರು. ಹದಿನೆಂಟು ಜನರ ಕೋಟು, ಮೆರವಣಿಗೆಗೆ ಮುಂಚೆ, ಜುಲೈ ಹತ್ತಕ್ಕೆ ಬೇಕು. ಚೆನ್ನಾಗಿ ಬಂದರೆ ಬೇರೆ ತಂಡದವರನ್ನೂ ಇಲ್ಲಿಗೇ ಕರೆತರುತ್ತೇನೆ ಎಂದರು. ನಾನು ಬಾಯಿ ತೆರೆಯುವುದರೊಳಗೆ ಇವರು ಒಳಗಿನಿಂದ ಬಂದು, "ಇಲ್ಲ ಇಲ್ಲ, ಇದೇ ಕೊನೆ. ಇನ್ಮೇಲೆ ಇವಳು ವಿಶ್ರಾಂತಿ ತಗೋತಾಳೆ" ಎಂದುಬಿಟ್ಟರು. ಮಾಸ್ಟರು ನನ್ನ ಮುಖ ನೋಡಿದರು. ನಾನು ಟೇಪನ್ನು ಬೆರಳಿಗೆ ಸುತ್ತುತ್ತಾ ನಿಂತೆ. ಹೊರಗಿನವರ ಎದುರು ಜಗಳ ಬೇಡ ಎಂದು ಸುಮ್ಮನಾದದ್ದು. ಸುಮ್ಮನಾದದ್ದಕ್ಕೆ ಈಗ ಮೈಯೆಲ್ಲ ಉರಿಯುತ್ತಿದೆ.

ಆಟದ ವಿಷಯ: ಕೋಟೆಯ ಮೆಟ್ಟಿಲ ಮೇಲೆ ನೆಗಡಿಯಾದ ಒಂದು ದೆವ್ವ ಅಡ್ಡ ಕೂತಿದೆ. ಚಳಿಯಂತೆ. ಹೊದಿಕೆ ಹೊದಿಸಿದರೆ ಅದರ ಮೈಯೊಳಗಿಂದ ತೂರಿ ಕೆಳಗೆ ಬೀಳುತ್ತದೆ. ಇವರು ಎರಡು ದಿನದಿಂದ ಅದರ ಸೀನು ಕೇಳುತ್ತಾ ಕೂತಿದ್ದಾರೆ. ನನಗೇನು, ಚಹಾ ಕುದಿಯುವ ತನಕ ಸುಮ್ಮನೆ ಹಿಂದೆ ನಿಂತಿದ್ದೆ ಅಷ್ಟೇ. ಚಹಾ ಉಕ್ಕಿ ಒಲೆಯೆಲ್ಲ ಹಾಳಾಯಿತು.

ಜೂನ್ ೧೪, ಶನಿವಾರ

ತೋಳು ಕತ್ತರಿಸುತ್ತಿದ್ದಾಗ ಫಕ್ಕನೆ ಹೊಳೆಯಿತು. ಸತ್ತವನಿಗೆ ಸತ್ತ ಕೋಟೇ ಆಗಬೇಕಲ್ಲ! ಕತ್ತರಿ ಅಲ್ಲೇ ಬಿಟ್ಟು ಕಂಪ್ಯೂಟರಿನ ಹತ್ತಿರ ಓಡಿದೆ. ಕೋಟೆಯ ಕಪಾಟಿನಲ್ಲಿದ್ದ ಹಳೆಯ ಕೋಟಿನ ಮೇಲೆ, ಅಂಚೆಯವನ ಚೀಲದಲ್ಲಿದ್ದ ಒಂದು ಸೀಸೆ ಬಟ್ಟೆ ತಿನ್ನುವ ನುಸಿಗಳನ್ನು ಬಿಟ್ಟೆ. ಅವು ಕೋಟನ್ನು ಪೂರ್ತಿ ತಿಂದು ಮುಗಿಸಿದವು. ಖಾಲಿ ಗೂಟದ ಮೇಲೆ ಕೋಟಿನ ದೆವ್ವ ತೂಗಾಡುತ್ತಿತ್ತು! ತೊಡಿಸಿದೆ. ದೆವ್ವ ಕನ್ನಡಿ ನೋಡಿಕೊಂಡು "ಭುಜ ಸ್ವಲ್ಪ ಬಿಗಿ" ಎಂದಿತು. ಗಿರಾಕಿಗಳು ಸತ್ತರೂ ಬದಲಾಗುವುದಿಲ್ಲ.

"ಒಳ್ಳೇ ಕೋಟು ಹಾಳ್ಮಾಡಿದೆ" ಎಂದರು ಇವರು.

ಜೂನ್ ೧೯, ಗುರುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ಕಿರುಚಿಬಿಡುತ್ತೇನೆ.

ಹದಿನೆಂಟು ಕೋಟುಗಳನ್ನೂ ಕತ್ತರಿಸಿ ಮುಗಿಸಿದ್ದೆ. ಒಬ್ಬೊಬ್ಬರ ತುಂಡುಗಳನ್ನು ಒಂದೊಂದು ಕಟ್ಟು ಕಟ್ಟಿ, ಮೇಲೆ ಚೀಟಿ ಸಿಕ್ಕಿಸಿದ್ದೆ: ದೊಡ್ಡ ಡೋಲು, ಕೊಳಲು, ತಾಳ, ಬೋಳುತಲೆ ಕಹಳೆ, ಕುಳ್ಳ ಕಹಳೆ. ತುಂಡುಗಳ ಮೇಲೆ ಸೀಮೆಸುಣ್ಣದ ಗುರುತು ಹಾಕುವ ಅಭ್ಯಾಸ ನನಗಿಲ್ಲ. ಕಟ್ಟೇ ನನ್ನ ಗುರುತು. ಕೋಟಿನ ಒಳಮೈಗೆ ಹಾಕುವ ಅಸ್ತರಿ ಬಟ್ಟೆ ತರಲು ಅಂಗಡಿಗೆ ಹೋಗಿ ಬಂದೆ. ಬಂದು ನೋಡಿದರೆ ಇವರು ಮುಖವರಳಿಸಿಕೊಂಡು ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದಾರೆ.

"ಬಾ, ನೋಡು. ನೀನು ಒದ್ದಾಡ್ತಿದ್ದೀಯ ಅಂತ ಎಲ್ಲಾ ಜೋಡಿಸಿಟ್ಟಿದ್ದೀನಿ."

ಕಟ್ಟುಗಳನ್ನೆಲ್ಲ ಬಿಚ್ಚಿದ್ದಾರೆ. ಎಡತೋಳುಗಳೆಲ್ಲ ಒಂದು ಕಡೆ, ಬಲತೋಳುಗಳೆಲ್ಲ ಒಂದು ಕಡೆ. ಬೆನ್ನುಗಳ ರಾಶಿ, ಕಾಲರುಗಳ ರಾಶಿ, ಜೇಬುಗಳ ರಾಶಿ. ಎಲ್ಲಾ ಒಂದೇ ಕಡುನೀಲಿ. ಬೋಲ್ಟು ಒಂದು ಡಬ್ಬಕ್ಕೆ, ನಟ್ಟು ಒಂದು ಡಬ್ಬಕ್ಕೆ ಹಾಕಿದ ಹಾಗೆ! ಚೀಟಿಗಳು ಎಲ್ಲಿ ಎಂದರೆ, "ಕಸ ತಾನೇ, ಎಸೆದೆ" ಎಂದರು. ಕಸದ ಗಾಡಿ ಬಂದು ಹೋಗಿಯೂ ಆಗಿತ್ತು.

ಅಳತೆ ಪುಸ್ತಕವೇನೋ ಇದೆ. ಆದರೆ ನಾನು ಆಳು ನೋಡಿ, ಅವನು ನಿಲ್ಲುವ ಭಂಗಿ ನೋಡಿ, ಇಲ್ಲಿ ಒಂಚೂರು ಸಡಿಲ ಬಿಟ್ಟು ಅಲ್ಲಿ ಒಂಚೂರು ಒಳಗೆ ತೆಗೆದು ಕತ್ತರಿಸುವವಳು. ಆ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಯಾರ ತೋಳು ಯಾರ ಬೆನ್ನಿಗೆ ಹೋಗಬೇಕು, ನನಗೇ ಗೊತ್ತಾಗಲಿಲ್ಲ. ನೆಲದ ಮೇಲೆ ಕೂತುಬಿಟ್ಟೆ. ಬೈಯಲಿಲ್ಲ. ಬೈಯಲಿಲ್ಲವಾದ್ದರಿಂದ ಇವರಿಗೆ ಗಾಬರಿಯಾಯಿತು.

ಮೆಷಿನ್ ಮುಚ್ಚಲು ಬೇರೆ ದಾರಿಯೇ ಬೇಕಿರಲಿಲ್ಲ. ಈ ಕೋಟು ಕೆಟ್ಟರೆ ಇನ್ನು ಯಾರು ಬರುತ್ತಾರೆ ಈ ಬಾಗಿಲಿಗೆ?

ಜೂನ್ ೨೦, ಶುಕ್ರವಾರ

ಮಾತಿಲ್ಲ. ಬಡಿಸಿ ಬಂದೆ.

ಜೂನ್ ೨೧, ಶನಿವಾರ

ಹೊಲಿಗೆ ಕೋಣೆಗೆ ಕಾಲಿಡಲು ಮನಸ್ಸಾಗಲಿಲ್ಲ. ಸಿಟ್ಟಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತೆ. ಆಡಬೇಕೆಂದಲ್ಲ. ಇವರ ಕುರ್ಚಿ ಇವರಿಗೆ ಸಿಗಬಾರದು ಎಂದು.

ಅಂಚೆಯವನು ಕೋಟೆಯ ಅಡುಗೆಮನೆಯಲ್ಲಿ ಸಿಕ್ಕಿಕೊಂಡಿದ್ದ. ಏನೂ ತೋಚದೆ ಒಂದು ಕಡೆಯಿಂದ ಹಿಡಿದೆ. ಕೊಡೆಗೆ ಅಂಟು ಹಾಕಿದೆ. ಅಂಟನ್ನು ಬೂಟಿಗೆ ಹಾಕಿದೆ. ಬೂಟನ್ನು ಬಾಣಲೆಗೆ ಹಾಕಿದೆ. ಬಾಣಲೆಯನ್ನು ಅಡುಗೆಯವನ ತಲೆಗೆ ಹಾಕಲು ಹೋದೆ. ಅಂಚೆಯವನು ಪ್ರತಿ ಸಲವೂ ಒಂದೊಂದು ಮಾತು ಆಡಿದ: "ಅದಕ್ಕೂ ಇದಕ್ಕೂ ಆಗಿಬರುವುದಿಲ್ಲ", "ಇದನ್ನು ಮಾಡಿದರೆ ನಮ್ಮಮ್ಮ ಮನೆಗೆ ಸೇರಿಸುವುದಿಲ್ಲ". ಕೊನೆಗೆ ಮೇಕೆಯ ಗಂಟೆ ಕೊಡೆಯ ಕಡ್ಡಿಗೆ ಕೂತಿತು. ಗೋಡೆಯಲ್ಲಿ ದಾರಿ ತೆರೆಯಿತು.

ಇವರು ಯಾವಾಗ ಬಂದು ಹಿಂದೆ ನಿಂತರೋ ಗೊತ್ತಿಲ್ಲ.

"ಹೀಗೆ ಒಂದೊಂದನ್ನೂ ಒಂದೊಂದಕ್ಕೆ ಹಾಕಿ ನೋಡ್ತಾ ಹೋದ್ರೆ ಸಿಕ್ಕೇ ಸಿಗುತ್ತಾ?"

ಮಾತು ಬಿಟ್ಟಿದ್ದೇನೆ ಎಂಬುದು ಮರೆತುಹೋಯಿತು. "ಸಿಗ್ಲೇಬೇಕು. ಜೋಡಿ ಇಲ್ಲದ್ದನ್ನ ಆಟ ಮಾಡಿದವನು ಇಟ್ಟಿರಲ್ಲ" ಎಂದೆ.

ನಾನು ಇನ್ನೆರಡು ಸಲ ಒತ್ತುವುದನ್ನು ನೋಡಿ ಹೊರಟುಹೋದರು.

ಜೂನ್ ೨೨, ಭಾನುವಾರ

ಬೆಳಿಗ್ಗೆ ಹೊಲಿಗೆ ಕೋಣೆಯಲ್ಲಿ ಸದ್ದು. ಇಣುಕಿದರೆ ಇವರು ನೆಲದ ಮೇಲೆ ಮಂಡಿಯೂರಿ ಕೂತಿದ್ದಾರೆ. ಎದುರಿಗೆ ಒಂದು ಬೆನ್ನು, ಒಂದು ಎದೆಭಾಗ. ಎಡತೋಳುಗಳ ರಾಶಿಯಿಂದ ಒಂದೊಂದನ್ನೇ ತೆಗೆದು ಕಂಕುಳಿನ ಬಾಗಿಗೆ ಇಟ್ಟು ನೋಡುತ್ತಿದ್ದಾರೆ. ಆಗದಿದ್ದರೆ "ಅದಕ್ಕೂ ಇದಕ್ಕೂ ಆಗಿಬರುವುದಿಲ್ಲ" ಎಂದು ಅಂಚೆಯವನ ದನಿಯಲ್ಲೇ ಹೇಳಿ ಪಕ್ಕಕ್ಕಿಡುತ್ತಾರೆ. ತಮಾಷೆಗೆ ಹೇಳುತ್ತಿರಲಿಲ್ಲ. ಹಣೆಯಲ್ಲಿ ಬೆವರಿತ್ತು.

ಒಳಗೆ ಹೋಗಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ತರಕಾರಿ ಹೆಚ್ಚಿದೆ. ಊಟದ ಹೊತ್ತಿಗೆ "ಲೇ! ಲೇ, ಬಾರೇ!" ಎಂದು ಮನೆ ಹಾರಿಹೋಗುವಂತೆ ಕೂಗಿದರು. ಓಡಿದೆ. ಒಂದು ತೋಳು ಒಂದು ಕಂಕುಳಿಗೆ ಕೂದಲೆಳೆಯಷ್ಟೂ ಅಂತರವಿಲ್ಲದೆ ಕೂತಿತ್ತು. ಕೈಯಿಂದ ಸವರಿ ನೋಡಿದೆ. ಸರಿಯಾಗಿತ್ತು. ದೊಡ್ಡ ಡೋಲಿನವನದು, ಅಷ್ಟು ದೊಡ್ಡ ಕಂಕುಳು ತಂಡದಲ್ಲಿ ಇನ್ಯಾರಿಗೂ ಇಲ್ಲ.

"ಸರಿನಾ?" ಎಂದರು. ಪರೀಕ್ಷೆ ಬರೆದ ಹುಡುಗನ ಮುಖ.

"ಹೂಂ" ಎಂದೆ. ಅಷ್ಟೇ ಸಾಕು. ಜಾಸ್ತಿ ಹೊಗಳಿದರೆ ತಲೆ ಮೇಲೆ ಕೂರುತ್ತಾರೆ.

ಜೂನ್ ೨೬, ಗುರುವಾರ

ಇವರು ಜೋಡಿಸಿದ್ದನ್ನು ನಾನು ಹೊಲಿಯುವುದು, ಹೀಗೆ ಸಾಗಿದೆ. ಅರ್ಧಕ್ಕೂ ಮಿಕ್ಕಿ ಜೋಡಿಯಾಗಿವೆ. ಇವರಿಗೆ ಪಾಪ, ಆಟದ ಕಡೆ ಹೋಗಲು ಪುರುಸೊತ್ತೇ ಇಲ್ಲ. ನಿಂತುಹೋದರೆ ಮರೆತುಹೋಗುತ್ತದೆ ಎಂದು ಇವರ ಪರವಾಗಿ ನಾನೇ ಸ್ವಲ್ಪ ಮುಂದೆ ನಡೆಸಿಟ್ಟೆ. ಸ್ವಲ್ಪ ಎಂದರೆ ಊಟದ ತನಕ. ಇವರು ಇಟ್ಟ ಅನ್ನ ಮುದ್ದೆಯಾಗಿತ್ತು. ಬೇಳೆಗೆ ಉಪ್ಪು ಸಾಲದು. ಅಡುಗೆಮನೆಯಲ್ಲಿ ನಿಂತಾಗ ಗಮನ ಇರಬೇಕು ಎಂದು ಇವರಿಗೆ ಹೇಳಿದೆ.

ಜುಲೈ ೧, ಮಂಗಳವಾರ

ಮಗಳ ಫೋನು.

"ಅಪ್ಪ ಇನ್ನೂ ಆಟ ಆಡ್ತಿದ್ದಾರಾ?"

"ಅಯ್ಯೋ, ಬಿಡೋದೇ ಇಲ್ಲ ಕಣೇ."

"ಅದೇನಮ್ಮ ಟಿಕ್ ಟಿಕ್ ಅಂತಿದೆ?"

"ಹೊಲಿಗೆ ಮೆಷಿನ್ನು."

"ಮತ್ತೆ ಆ ಗಡಗಡ ಸದ್ದು?"

ಅದು ಹೊಲಿಗೆ ಮೆಷಿನ್ನೇ. ಇವರು ಅಸ್ತರಿಗೆ ನೇರ ಹೊಲಿಗೆ ಹಾಕಲು ಕಲಿಯುತ್ತಿದ್ದರು. ಫೋನು ಸರಿಯಾಗಿ ಕೇಳಿಸುತ್ತಿಲ್ಲ ಎಂದು ಇಟ್ಟುಬಿಟ್ಟೆ. ಅಂಚೆಯವನು ಬಾವಿಯಲ್ಲಿದ್ದ, ಆ ಹೊತ್ತಿನಲ್ಲಿ ಹರಟೆ ಹೊಡೆಯಲಾಗುತ್ತದೆಯೇ?

ಜುಲೈ ೪, ಶುಕ್ರವಾರ

ಹಿತ್ತಾಳೆ ಗುಂಡಿ ಹಾಕುವ ಕೆಲಸ ಇವರಿಗೆ ಕೊಟ್ಟಿದ್ದೇನೆ. ಒಂದೊಂದು ಗುಂಡಿಗೂ ರೈಲು ಸೇತುವೆಗೆ ಹಾಕುವಷ್ಟು ದಾರ. ಕೋಟು ಹರಿದುಹೋದರೂ ಗುಂಡಿ ಉಳಿಯುತ್ತದೆ. ಡಬ್ಬಿಯಿಂದ ಗುಂಡಿ ತೆಗೆಯುವಾಗ ಮೊದಮೊದಲು ಮುಖ ಹಿಂಡಿಕೊಳ್ಳುತ್ತಿದ್ದರು. ಇವತ್ತು ಒಂದು ಹಿಡಿ ಬಾಚಿ ಮಡಿಲಿಗೆ ಸುರಿದುಕೊಂಡು, ಗುನುಗುತ್ತಾ ಕೂತಿದ್ದರು.

ನಾನು ಇವರಿಗಾಗಿ ಬಾವಿಯಿಂದ ಹೊರಗೆ ಬಂದೆ.

ಜುಲೈ ೭, ಸೋಮವಾರ

ಹದಿನೇಳು ಕೋಟುಗಳಿಗೆ ಕಾಲರು ಬಂತು. ಕೊಳಲಿನವನ ಕೋಟಿಗೆ ಇಲ್ಲ. ಮಂಚದ ಕೆಳಗೆ, ಮೆಷಿನ್ನಿನ ಹಿಂದೆ, ಚೂರು ತುಂಬಿದ ಚೀಲದಲ್ಲಿ, ಎಲ್ಲೂ ಇಲ್ಲ. ಅದೇ ಥಾನಿನ ಬಟ್ಟೆ ಅಂಗಡಿಯಲ್ಲಿ ಮುಗಿದುಹೋಗಿದೆ. ಚೂರಿನ ಚೀಲವನ್ನು ಇನ್ನೊಮ್ಮೆ ನೆಲಕ್ಕೆ ಸುರಿದೆ. ಇವರು ಮಾತ್ರ ಕಿಟಕಿಯ ಕಡೆ ನೋಡುತ್ತಾ ನಿಂತಿದ್ದರು. ಈ ನಿಲುವು ನನಗೆ ಗೊತ್ತು.

"ರೀ."

"ನಮೂನೆಗೆ ಅಂತ ಒಂದು ಎತ್ತಿಟ್ಟಿದ್ದೆ. ಯಾವತ್ತೂ ಒಂದು ನಮೂನೆ ಇಡ್ಬೇಕು, ಅದು ಸ್ಟೋರ್ಸಿನ ಪದ್ಧತಿ."

"ಎಲ್ಲಿ?"

ಕಪಾಟಿನ ಬೀಗ ತೆಗೆದು, ಕಾಗದದಲ್ಲಿ ಸುತ್ತಿಟ್ಟಿದ್ದ ಕಾಲರನ್ನು ತಂದರು. ಅದನ್ನು ಹಿಡಿದುಕೊಂಡು ನನ್ನ ಎದುರು ಸ್ವಲ್ಪ ಹೊತ್ತು ನಿಂತರು. ಆಮೇಲೆ "ತಗೋ" ಎಂದರು. ಬೈಯಬೇಕೆಂದು ಬಾಯಿ ತೆರೆದವಳು ಸುಮ್ಮನೆ ತೆಗೆದುಕೊಂಡೆ. ಇವರ ಕೈಯಿಂದ ಒಂದು ವಸ್ತು ಹೊರಗೆ ಬರುವುದು ಎಷ್ಟು ಕಷ್ಟವೆಂದು ಈ ಲೋಕದಲ್ಲಿ ನನ್ನನ್ನು ಬಿಟ್ಟು ಇನ್ಯಾರಿಗೆ ಗೊತ್ತು?

ಜುಲೈ ೧೦, ಗುರುವಾರ

ಹದಿನೆಂಟು ಜನವೂ ಬಂದು ಬೀದಿಯಲ್ಲೇ ಕೋಟು ತೊಟ್ಟು ನಿಂತರು. ದೊಡ್ಡ ಡೋಲಿನವನು ಉಸಿರು ಎಳೆದುಕೊಂಡ, ಬಿಟ್ಟ, ಗುಂಡಿ ಅಲುಗಲಿಲ್ಲ. ಕೊಳಲಿನವನು ಕನ್ನಡಿ ಬಿಟ್ಟು ಕದಲಲಿಲ್ಲ. ಮಾಸ್ಟರು ಒಬ್ಬೊಬ್ಬರ ಭುಜವನ್ನೂ ತಟ್ಟಿ ನೋಡಿ, "ಅಮ್ಮಾ, ಹುಟ್ಟುವಾಗಲೇ ತೊಟ್ಟುಕೊಂಡು ಬಂದ ಹಾಗಿದೆ" ಎಂದರು. ಇವರು ಹಿಂದೆ ನಿಂತು ಕೆಮ್ಮಿದರು. "ಗುಂಡಿ ಇವರದು" ಎಂದೆ. ನ್ಯಾಯ ನ್ಯಾಯವೇ.

ಎಲ್ಲರೂ ಹೋದ ಮೇಲೆ ಕೋಣೆ ಖಾಲಿ. ಚೂರು ಗುಡಿಸಿದೆ. ಮೆಷಿನ್ನಿಗೆ ಎಣ್ಣೆ ಬಿಟ್ಟೆ. ಹೊದಿಕೆ ಹೊದಿಸಲೋ ಬೇಡವೋ ತಿಳಿಯಲಿಲ್ಲ. ಇವರು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು, ಸೂಜಿಗಳನ್ನು ಎಣಿಸುತ್ತಾ. ಮುಚ್ಚಲೇನ್ರೀ ಎಂದು ಕೇಳಬೇಕಿತ್ತು. ಬಾಯಿ ಬರಲಿಲ್ಲ. ಹೌದು ಎಂದುಬಿಟ್ಟರೆ? ಮುಚ್ಚುವುದಿಲ್ಲ ಎಂದು ಇದೇ ಡೈರಿಯಲ್ಲಿ ಬರೆದವಳು ನಾನು. ಬರೆದಾಗ ಸಿಟ್ಟಿತ್ತು, ಧೈರ್ಯವೂ ಇತ್ತು. ಈ ಮನುಷ್ಯನ ಮೇಲೆ ಈಗ ಅಷ್ಟು ಸಿಟ್ಟು ಬರುತ್ತಿಲ್ಲ, ಅದೇ ತೊಂದರೆ. ಹೊದಿಕೆ ಹೊದಿಸದೆ ದೀಪ ಆರಿಸಿ ಬಂದೆ.

ಜುಲೈ ೧೪, ಸೋಮವಾರ

ಕೋಟೆಯೊಡೆಯನ ಕೋಣೆಯ ಬಾಗಿಲಿನ ತನಕ ಬಂದಿದ್ದೇನೆ. ಬಂದಿದ್ದಾರೆ ಎನ್ನಬೇಕು, ಆಟ ಇವರದು, ನಾನು ಸುಮ್ಮನೆ ಸಹಾಯಕ್ಕೆ. ಅಂಚೆಯವನು ಪಾರ್ಸೆಲ್ ಹಿಡಿದುಕೊಂಡು ಬಾಗಿಲು ತಟ್ಟಬೇಕು, ಅಷ್ಟೇ ಉಳಿದಿರುವುದು. ಆಗ ಹೊರಗಿನ ಕೋಣೆಯಲ್ಲಿ ಬ್ಯಾಂಡ್ ಮಾಸ್ಟರ ದನಿ ಕೇಳಿಸಿತು.

"ಅಮ್ಮ ಇಲ್ವಾ ಸಾರ್?"

"ಇದ್ದಾರೆ. ಕೆಲಸದಲ್ಲಿದ್ದಾರೆ. ಏನಾಗ್ಬೇಕಿತ್ತು?"

ಇದ್ದಾರೆ! ಮೌಸಿನ ಮೇಲಿದ್ದ ಕೈ ಹಾಗೇ ನಿಂತಿತು.

"ಇವರು ಇನ್ನೊಂದು ತಂಡದವರು. ಮೆರವಣಿಗೇಲಿ ನಮ್ಮ ಕೋಟು ನೋಡಿ ಬೆನ್ನು ಬಿಡ್ತಾ ಇಲ್ಲ. ಆದ್ರೆ ನೀವೇ ಹೇಳಿದ್ರಲ್ಲ ಸಾರ್, ಇದೇ ಕೊನೆ ಅಂತ. ಒಂದ್ಸಲ ಕೇಳಿ ನೋಡೋಣ ಅಂತ ಬಂದ್ವಿ."

ಇವರು ಗುಂಡಿಯ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡುವ ಸದ್ದು ಬಂತು.

"ಹೇಳಿದ್ದೆ" ಎಂದರು ಕೊನೆಗೆ. "ಅದು ನಾನು ಹೇಳೋ ಮಾತಾಗಿರಲಿಲ್ಲ. ಅಂಗಡಿ ಅವರದು. ತಗೋಬೇಕೋ ಬೇಡ್ವೋ, ಯಾವಾಗ ಕೊಡ್ಬೇಕು, ಎಲ್ಲಾ ಅವರನ್ನೇ ಕೇಳ್ಬೇಕು. ನಾನಿಲ್ಲಿ ಹೊಸಬ. ಗುಂಡಿ ಹಾಕ್ತೀನಿ ಅಷ್ಟೇ."

ಸುಳ್ಳು ಯಾಕೆ ಹೇಳಲಿ, ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು, ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಹೊರಗೆ ಹೋದೆ. ಬಾಗಿಲಲ್ಲಿ ನನ್ನನ್ನು ಕಂಡದ್ದೇ ಇವರು ಮಡಿಲಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟು, ಕುರ್ಚಿ ಬಿಟ್ಟು ಎದ್ದು ನಿಂತರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಬಂದಾಗ ಇವರು ಎದ್ದು ನಿಂತದ್ದನ್ನು ಕಂಡಿರಲಿಲ್ಲ.

ಅವರೆಲ್ಲ ಹೋದ ಮೇಲೆ ಯಾಕೆ ಎದ್ದಿರಿ ಎಂದು ಕೇಳಿದೆ. ಕಾಲು ಜೋಮು ಹಿಡಿದಿತ್ತಂತೆ. ಹಿಡಿದಿರಲಿ.